ನಿಮಿಷಕ್ಕೆ ಒಂದು ಸೆಂಟ್ ಎನ್ನುವ ಕಾರ್ಡಿನ ಹಿಂಬದಿ ಓದಿ

ಮಾನ್ಯ ಸಂಪಾದಕರೆ,

ವಾಟ್ಸ್ಆ್ಯಪ್ ಇರುವಾಗ ಹೊರದೇಶದ ಕರೆಗೆಂದು ಮುಂಗಡ ದುಡ್ಡು ಕೊಟ್ಟು ಕೊಳ್ಳುವ ಕಾಲಿಂಗ್ ಕಾರ್ಡ್, ಐಎಸ್‌ಡಿ ಪ್ಯಾಕ್ ಎಲ್ಲ ಯಾಕೆ ಬೇಕು ಎಂಬ ಮಾತು ದಾವಣಗೆರೆಯ ಯಾವ ರೀಚಾರ್ಜ್ ಅಂಗಡಿಯ ಮುಂದೆ ನಿಂತರೂ ಕಿವಿಗೆ ಬೀಳುತ್ತದೆ. ಮುಕ್ಕಾಲು ಪಾಲು ಅದು ನಿಜವೇ. ಉಳಿದ ಕಾಲು ಪಾಲಿನಲ್ಲಿ ಜನ ದುಡ್ಡು ಕಳೆದುಕೊಳ್ಳುತ್ತಿದ್ದಾರೆ, ಬೇಕಾದ ಹೊತ್ತಿಗೆ ಮಾತನಾಡಲಾಗದೆ ಒದ್ದಾಡುತ್ತಿದ್ದಾರೆ. ಓದಲು, ದುಡಿಯಲು ಮಕ್ಕಳನ್ನು ಹೊರದೇಶಕ್ಕೆ ಕಳಿಸಿರುವ ಮನೆಗಳು ನಮ್ಮ ಜಿಲ್ಲೆಯಲ್ಲೂ ಚಿತ್ರದುರ್ಗದಲ್ಲೂ ಕಡಿಮೆಯಿಲ್ಲ. ಅವರಿಗೆ ತಿಳಿದಿರಬೇಕಾದ ನಾಲ್ಕು ಮಾತು ಬರೆಯುತ್ತಿದ್ದೇವೆ.

ಮೊದಲು ವಾಟ್ಸ್ಆ್ಯಪ್ ಎಲ್ಲಿ ಕೈಕೊಡುತ್ತದೆ ಎಂಬುದು. ಯುಎಇಯಲ್ಲಿ ವಾಟ್ಸ್ಆ್ಯಪ್ ಸಂದೇಶ ಹೋಗುತ್ತದೆ, ಫೋಟೊ ಹೋಗುತ್ತದೆ, ಕರೆ ಮಾತ್ರ ಹೋಗುವುದಿಲ್ಲ. ಕತಾರಿನಲ್ಲೂ ಇದೇ ಪಾಡು. ಅಲ್ಲಿಯ ಸರ್ಕಾರಗಳು ಪರವಾನಗಿ ಕೊಟ್ಟ ಕೆಲವು ಆ್ಯಪ್‌ಗಳಿಗೆ ಮಾತ್ರ ಧ್ವನಿ ಕರೆಯ ಅನುಮತಿ. ಯುಎಇಯಲ್ಲಿ ಬೋಟಿಮ್ ಅಂಥದ್ದೊಂದು. ದುಬೈಗೆ ಹೋದ ಮೇಲೆ ಗೆಳೆಯರು ಹೇಳಿದರೆಂದು ಇಂಟರ್‌ನೆಟ್ ತಡೆ ದಾಟಿಸುವ ವಿಪಿಎನ್ ಎಂಬ ಆ್ಯಪ್ ಹಾಕಿಕೊಂಡು ವಾಟ್ಸ್ಆ್ಯಪ್‌ನಲ್ಲಿ ಮಾತನಾಡುವವರು ಒಂದು ಸಂಗತಿ ತಿಳಿದಿರಬೇಕು: ನಿಷೇಧಿತ ಕೆಲಸಕ್ಕೆ ವಿಪಿಎನ್ ಬಳಸಿದರೆ ಅಲ್ಲಿಯ ಕಾನೂನಿನಲ್ಲಿ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡ ಹಾಕಲು ಅವಕಾಶವಿದೆ. ಊರಿಗೆ ಫೋನ್ ಮಾಡುವ ಖರ್ಚು ಉಳಿಸಲು ಹೋಗಿ ತಲೆಗೆ ತಂದುಕೊಳ್ಳುವ ಅಪಾಯವಲ್ಲ ಇದು. ಸೌದಿ ಅರೇಬಿಯಾ 2017ರ ಸೆಪ್ಟೆಂಬರ್‌ನಲ್ಲಿ ಇಂಟರ್‌ನೆಟ್ ಕರೆಗಳ ಮೇಲಿನ ನಿರ್ಬಂಧ ಸಡಿಲಿಸಿತು. ಗಲ್ಫ್ ಎಂದರೆ ಎಲ್ಲ ಕಡೆ ಒಂದೇ ಕಾನೂನು ಎಂದು ತಿಳಿಯಬೇಡಿ; ಹೋಗುವ ದೇಶದಲ್ಲಿ ಯಾವ ಆ್ಯಪ್ ನಡೆಯುತ್ತದೆ ಎಂದು ವಿಮಾನ ಹತ್ತುವ ಮುಂಚೆಯೇ ಕೇಳಿ, ಅದನ್ನು ಎರಡೂ ಕಡೆಯ ಫೋನಿಗೆ ಹಾಕಿ, ಒಮ್ಮೆ ಕರೆ ಮಾಡಿ ನೋಡಿ.

ಚನ್ನಗಿರಿ ತಾಲ್ಲೂಕಿನ ಅಸ್ತಾಪನಹಳ್ಳಿ, ಗೋಪನಾಳದ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ, ಕೂದಲ ಎಣ್ಣೆ ಮಾರಲು ಆಫ್ರಿಕಾದ ದೇಶಗಳಿಗೆ ಹೋಗುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕಾಳಗ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಹಾಕಿಕೊಂಡದ್ದು ನಿಮ್ಮ ಓದುಗರಿಗೆ ನೆನಪಿರಬಹುದು. ಅದೇ ವರ್ಷ ಆಗಸ್ಟ್‌ನಲ್ಲಿ ಗಬಾನ್ ದೇಶದಲ್ಲಿ ಚುನಾವಣೆ ನಡೆದ ದಿನವೇ ಸರ್ಕಾರ ಇಂಟರ್‌ನೆಟ್ ಕಡಿದುಹಾಕಿತು. ಹೀಗೆ ನೆಟ್ ಮಾತ್ರ ನಿಂತು ಸಾಮಾನ್ಯ ಫೋನ್ ಕರೆ ನಡೆಯುತ್ತಿರುವ ಹೊತ್ತಿನಲ್ಲಿ ವಾಟ್ಸ್ಆ್ಯಪ್ ಒಂದನ್ನೇ ನಂಬಿದ ಮನೆಯವರ ಫೋನಿನಲ್ಲಿ ಒಂಟಿ ಟಿಕ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಇಂಥ ದೇಶಗಳಿಗೆ ಸಾಮಾನ್ಯ ಐಎಸ್‌ಡಿ ಕರೆ ಅಗ್ಗವಲ್ಲ. ಅಮೆರಿಕಕ್ಕೆ ಮಾಡುವ ಕರೆಯ ಹಲವು ಪಟ್ಟು ಬೀಳುತ್ತದೆ, ಯಾಕೆಂದರೆ ಆಫ್ರಿಕಾದ ಕೆಲವು ಸರ್ಕಾರಗಳು ಹೊರಗಿನಿಂದ ಬರುವ ಪ್ರತಿ ನಿಮಿಷದ ಮೇಲೂ ತಮ್ಮದೊಂದು ಶುಲ್ಕ ಹಾಕಿವೆ. ಆದರೂ ಮೂರು ನಿಮಿಷ ಮಾತನಾಡುವಷ್ಟು ಹಣ ಫೋನಿನಲ್ಲಿ ತಯಾರಿರಬೇಕು. ಆ ಮೂರು ನಿಮಿಷದಲ್ಲಿ ಎಲ್ಲಿದ್ದೀರಿ, ಜೊತೆಗೆ ಯಾರಿದ್ದಾರೆ, ಪಾಸ್‌ಪೋರ್ಟ್ ಯಾರ ಕೈಲಿದೆ, ಇಷ್ಟು ಕೇಳಿಕೊಂಡರೆ ಜಿಲ್ಲಾಡಳಿತಕ್ಕೆ ಕೊಡಲು ಬೇಕಾದ ಮಾಹಿತಿ ಸಿಕ್ಕಿತು.

ವಿಶ್ವವಿದ್ಯಾಲಯದ ಕಚೇರಿ, ಬ್ಯಾಂಕು, ಆಸ್ಪತ್ರೆ, ರಾಯಭಾರ ಕಚೇರಿ ಇವಕ್ಕೆಲ್ಲ ಇಂದಿಗೂ ಲ್ಯಾಂಡ್‌ಲೈನ್ ಸಂಖ್ಯೆಯೇ. ಇತ್ತ ಕಡೆ, ಹಳ್ಳಿಯಲ್ಲಿ ಕೀಪ್ಯಾಡ್ ಸೆಟ್ ಇಟ್ಟುಕೊಂಡಿರುವ ಅಜ್ಜ ಅಜ್ಜಿಯರಿಗೆ ಹೊರದೇಶದಿಂದ ಮಾತನಾಡಬೇಕೆಂದರೂ ಸಾಮಾನ್ಯ ಕರೆಯೇ ಆಗಬೇಕು. ಕಾಲಿಂಗ್ ಕಾರ್ಡ್ ಇನ್ನೂ ಬದುಕಿರುವುದು ಮುಖ್ಯವಾಗಿ ಇವರಿಗಾಗಿ.

ಇಲ್ಲಿಂದ ಹೊರಗೆ ಮಾಡುವ ಕರೆಯ ವಿಷಯ ಬೇಗ ಮುಗಿಸುತ್ತೇವೆ. ಅನ್‌ಲಿಮಿಟೆಡ್ ಪ್ಲಾನ್ ಹಾಕಿಸಿದ್ದೇನೆ, ಆದರೂ ಅಮೆರಿಕಕ್ಕೆ ಹೋಗುತ್ತಿಲ್ಲ ಎಂಬುದು ಸಾಮಾನ್ಯ ದೂರು. ಅನ್‌ಲಿಮಿಟೆಡ್ ಎಂದರೆ ದೇಶದೊಳಗೆ. ಐಎಸ್‌ಡಿ ಕರೆಗೆ ಬೇರೆ ಟಾಕ್‌ಟೈಮ್ ಬೇಕು, ಇಲ್ಲವೇ ಆ ದೇಶದ ಐಎಸ್‌ಡಿ ಪ್ಯಾಕ್ ಬೇಕು. ವಿದೇಶಿ ಸಂಖ್ಯೆಯಿಂದ ಒಂದು ರಿಂಗ್ ಕೊಟ್ಟು, ವಾಪಸ್ ಕರೆ ಮಾಡಿದವರ ಹಣ ಕಡಿಯುವ ಮಿಸ್ಡ್ ಕಾಲ್ ವಂಚನೆ ಹೆಚ್ಚಿದಾಗ, ಗ್ರಾಹಕರು ಒಪ್ಪದೆ ಪ್ರಿಪೇಯ್ಡ್ ಸಿಮ್‌ನಲ್ಲಿ ಐಎಸ್‌ಡಿ ತೆರೆಯಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2012ರಲ್ಲಿ ಆದೇಶಿಸಿತು. ಹಾಗಾಗಿ ಕರೆ ಹೋಗದಿದ್ದರೆ ಬ್ಯಾಲೆನ್ಸ್ ನೋಡುವ ಮೊದಲು ಐಎಸ್‌ಡಿ ತೆರೆದಿದೆಯೇ ಎಂದು ಕಂಪನಿಯ ಆ್ಯಪ್‌ನಲ್ಲೋ ಗ್ರಾಹಕ ಸೇವಾ ಸಂಖ್ಯೆಯಲ್ಲೋ ಕೇಳಿ. ಟಾಪ್‌ಅಪ್ ಹಾಕಿಸುವಾಗ 100 ರೂಪಾಯಿಗೆ 100 ರೂಪಾಯಿ ಬರುವುದಿಲ್ಲ. ಶೇ 18 ಜಿಎಸ್‌ಟಿಯ ಪಾಲು 15.25 ರೂಪಾಯಿ ಹೋಗಿ, ಪ್ರೊಸೆಸಿಂಗ್ ಶುಲ್ಕ 3 ರೂಪಾಯಿ ಹೋಗಿ 81.75 ಉಳಿಯುತ್ತದೆ. 10 ರೂಪಾಯಿಗೆ ಜಿಎಸ್‌ಟಿ 1.53, ಶುಲ್ಕ 1 ರೂಪಾಯಿ ಹೋಗಿ 7.47 ಮಾತ್ರ. ಪ್ರೊಸೆಸಿಂಗ್ ಶುಲ್ಕ 3 ರೂಪಾಯಿಗಿಂತ ಮೇಲೆ ಹೋಗುವಂತಿಲ್ಲವಾದ್ದರಿಂದ 1000 ರೂಪಾಯಿಗೆ 844.46 ಸಿಗುತ್ತದೆ. ಹತ್ತು ಹತ್ತು ರೂಪಾಯಿ ಹಾಕಿಸುತ್ತ ಹೋಗುವವರು ಒಟ್ಟಿನಲ್ಲಿ ಜಾಸ್ತಿ ಕಳೆದುಕೊಳ್ಳುತ್ತಾರೆ.

ಅಂಗಡಿಯಲ್ಲಿ ನಡೆಯುವ ದೊಡ್ಡ ಗೊಂದಲ ಐಎಸ್‌ಡಿ ಪ್ಯಾಕ್ ಮತ್ತು ಐಆರ್ ಪ್ಯಾಕ್ ನಡುವಿನದು. ಐಎಸ್‌ಡಿ ಇಲ್ಲಿ ಕೂತು ಅಲ್ಲಿಗೆ ಮಾತನಾಡಲು. ಐಆರ್, ಅಂದರೆ ಇಂಟರ್‌ನ್ಯಾಷನಲ್ ರೋಮಿಂಗ್, ಇಲ್ಲಿಯ ಸಿಮ್ ಹಿಡಿದು ಅಲ್ಲಿಗೆ ಹೋದಾಗ ಬಳಸಲು. ‘ದುಬೈ ಪ್ಯಾಕ್ ಹಾಕಿ’ ಎಂದಷ್ಟೇ ಹೇಳಿದರೆ ಅಂಗಡಿಯವರು ಯಾವುದನ್ನಾದರೂ ಹಾಕಿಯಾರು, ಒಮ್ಮೆ ಹಾಕಿದ ಪ್ಯಾಕ್ ವಾಪಸ್ ಪಡೆಯುವುದು ಕಷ್ಟ. ‘ದಾವಣಗೆರೆಯಿಂದ ದುಬೈನ ನಂಬರಿಗೆ ಫೋನ್ ಮಾಡಬೇಕು’ ಎಂದು ಇಡೀ ವಾಕ್ಯ ಹೇಳಿ. ಪ್ಯಾಕ್ ಯಾವ ದೇಶಕ್ಕೆ, ಮೊಬೈಲಿಗೂ ಲ್ಯಾಂಡ್‌ಲೈನಿಗೂ ಒಂದೇ ದರವೇ, ಎಷ್ಟು ದಿನ, ಪ್ಯಾಕ್ ಮುಗಿದ ಮೇಲೆ ಯಾವ ದರ ಎಂಬ ನಾಲ್ಕು ಸಂಗತಿ ಕೇಳದೆ ದುಡ್ಡು ಕೊಡಬೇಡಿ.

ಇನ್ನು ಕಾಲಿಂಗ್ ಕಾರ್ಡ್. ಅಮೆರಿಕದಲ್ಲೋ ಗಲ್ಫ್‌ನಲ್ಲೋ ಇರುವವರು ಊರಿಗೆ ಮಾತನಾಡಲು ಕೊಳ್ಳುವುದು ಇದನ್ನು. ಮುಂಚೆ ಗೀರಿ ನೋಡುವ ರಟ್ಟಿನ ಕಾರ್ಡ್ ಇರುತ್ತಿತ್ತು. ಈಗ ಅದೇ ವ್ಯವಹಾರ ಚೀಟಿಯಲ್ಲಿ ಅಚ್ಚಾದ ಪಿನ್ ಆಗಿದೆ, ಆ್ಯಪ್‌ನಲ್ಲಿ ತುಂಬಿಸುವ ಕ್ರೆಡಿಟ್ ಆಗಿದೆ. ಒಳಗಿನ ಕೆಲಸ ಬದಲಾಗಿಲ್ಲ. ಮೊದಲು ಆ ಊರಿನದೇ ಒಂದು ಪ್ರವೇಶ ಸಂಖ್ಯೆಗೆ ಡಯಲ್ ಮಾಡಬೇಕು, ಅದು ಕಾರ್ಡ್ ಕಂಪನಿಯ ಯಂತ್ರಕ್ಕೆ ಸೇರುತ್ತದೆ. ಯಂತ್ರ ಪಿನ್ ಕೇಳುತ್ತದೆ, ಉಳಿದ ಹಣ ಹೇಳುತ್ತದೆ, ಆಮೇಲೆ ನೀವು ಒತ್ತಿದ ಭಾರತದ ಸಂಖ್ಯೆಗೆ ಇಂಟರ್‌ನೆಟ್ ದಾರಿಯಲ್ಲಿ ಧ್ವನಿ ಕಳಿಸುತ್ತದೆ. ಫೋನ್ ಕಂಪನಿಯ ಲೆಕ್ಕದಲ್ಲಿ ನೀವು ಮಾಡಿದ್ದು ಲೋಕಲ್ ಕರೆ. ಐಎಸ್‌ಡಿ ಭಾಗ ಕಾರ್ಡ್ ಕಂಪನಿಯದು. ಅಗ್ಗವಾಗುವುದು ಈ ಕಾರಣಕ್ಕೆ. ಇಲ್ಲೊಂದು ಹೊಡೆತವೂ ಇದೆ. ಮೊಬೈಲಿನಿಂದ ಪ್ರವೇಶ ಸಂಖ್ಯೆಗೆ ಮಾಡಿದರೆ ಆ ಮೊಬೈಲಿನ ಲೋಕಲ್ ನಿಮಿಷಗಳೂ ಖರ್ಚಾಗುತ್ತವೆ. ಟೋಲ್‌ಫ್ರೀ ಪ್ರವೇಶ ಸಂಖ್ಯೆ ಬಳಸಿದರೆ ಆ ಕರೆಯ ವೆಚ್ಚ ಕಾರ್ಡ್ ಕಂಪನಿಯ ಮೇಲೆ ಬೀಳುತ್ತದೆ, ಅದನ್ನು ನಿಮ್ಮ ಕಾರ್ಡಿನಿಂದಲೇ ನಿಮಿಷದ ಲೆಕ್ಕದಲ್ಲಿ ಕಡಿದುಕೊಳ್ಳುತ್ತಾರೆ. ಲೋಕಲ್ ಪ್ರವೇಶ ಸಂಖ್ಯೆ ಇದ್ದರೆ ಅದೇ ವಾಸಿ.

ಕಾರ್ಡಿನ ಮುಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ‘ಭಾರತಕ್ಕೆ 500 ನಿಮಿಷ’ ಎಂದಿರುತ್ತದೆ. ಮಂಡಕ್ಕಿ ಚೀಲ ನೋಡಲು ದೊಡ್ಡದು, ತಕ್ಕಡಿಗೆ ಹಾಕಿದಾಗ ಗೊತ್ತಾಗುತ್ತದೆ. ಹಿಂಬದಿಯ ಸಣ್ಣ ಅಕ್ಷರದಲ್ಲಿ ನಾಲ್ಕು ಸಂಗತಿ ಹುಡುಕಬೇಕು. ಪ್ರತಿ ಕರೆ ಕೂಡಿದ ಕೂಡಲೇ ಕಡಿಯುವ ಕನೆಕ್ಷನ್ ಶುಲ್ಕ. ನಿಮಿಷವನ್ನು ಮೇಲಕ್ಕೆ ಏರಿಸಿ ಲೆಕ್ಕ ಹಾಕುವ ಕ್ರಮ. ಒಂದೊಂದು ನಿಮಿಷಕ್ಕೋ, ಮೂರು ಮೂರು ನಿಮಿಷಕ್ಕೋ. ಮೊದಲ ಕರೆಯ ನಂತರ ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ತಾನಾಗಿ ಕಡಿಯುವ ನಿರ್ವಹಣಾ ಶುಲ್ಕ. ಕೊನೆಗೆ ಅವಧಿ: ಕೊಂಡ ದಿನದಿಂದಲ್ಲ, ಮೊದಲ ಕರೆಯಿಂದ ಎಣಿಸುವ ಕಾರ್ಡುಗಳೇ ಹೆಚ್ಚು.

ಲೆಕ್ಕಕ್ಕೆ ಒಂದು ಕಾರ್ಡ್ ಇಟ್ಟುಕೊಳ್ಳೋಣ. ಬೆಲೆ 5 ಡಾಲರ್, ನಿಮಿಷಕ್ಕೆ 1 ಸೆಂಟ್, ಅಂದರೆ 500 ನಿಮಿಷದ ಕಾರ್ಡ್. ಕನೆಕ್ಷನ್ ಶುಲ್ಕ 50 ಸೆಂಟ್, ಮೂರು ನಿಮಿಷಕ್ಕೆ ಏರಿಸುವ ಲೆಕ್ಕ, ವಾರಕ್ಕೆ 99 ಸೆಂಟ್ ನಿರ್ವಹಣೆ. ಮಗ ಅಮ್ಮನ ಜೊತೆ ಏಳು ನಿಮಿಷ ಮಾತನಾಡಿದ ಎನ್ನಿ. ಏಳು ಒಂಬತ್ತಾಯಿತು, 9 ಸೆಂಟ್. ಮೇಲೆ 50 ಸೇರಿ 59 ಸೆಂಟ್. ಇಂಥ ಐದು ಕರೆಗೆ 2.95 ಡಾಲರ್ ಹೋಯಿತು. ವಾರ ತುಂಬಿತು, 99 ಸೆಂಟ್ ಕಡಿದರು, 1.06 ಉಳಿಯಿತು. ಆರನೆಯ ಕರೆಗೆ 59 ಹೋಗಿ 47 ಸೆಂಟ್ ಉಳಿಯಿತು. ಕನೆಕ್ಷನ್ ಶುಲ್ಕವೇ 50 ಆದ್ದರಿಂದ ಆ 47 ಸೆಂಟ್‌ನಿಂದ ಏನೂ ಉಪಯೋಗವಿಲ್ಲ. 500 ನಿಮಿಷದ ಕಾರ್ಡಿನಲ್ಲಿ ಮಾತನಾಡಿದ್ದು 42 ನಿಮಿಷ, ನಿಮಿಷಕ್ಕೆ ಸುಮಾರು 12 ಸೆಂಟ್. ಪಕ್ಕದಲ್ಲೇ ನಿಮಿಷಕ್ಕೆ 3 ಸೆಂಟ್ ಎನ್ನುವ, ಬೇರೆ ಯಾವ ಶುಲ್ಕವೂ ಇಲ್ಲದ ಕಾರ್ಡ್ ಇದ್ದಿದ್ದರೆ ಅದೇ 5 ಡಾಲರಿಗೆ ಏಳು ನಿಮಿಷದ 23 ಕರೆ ಆಗುತ್ತಿತ್ತು, 161 ನಿಮಿಷ. ಬೋರ್ಡಿನ ಮೇಲೆ ಮೂರು ಪಟ್ಟು ದುಬಾರಿ ಕಾಣುವ ಕಾರ್ಡು ನಿಜದಲ್ಲಿ ನಾಲ್ಕು ಪಟ್ಟು ಅಗ್ಗ.

ಹಾಗಂತ ಕನೆಕ್ಷನ್ ಶುಲ್ಕದ ಕಾರ್ಡ್ ಯಾವಾಗಲೂ ಕೆಟ್ಟದ್ದಲ್ಲ. ಭಾನುವಾರ ಒಂದೇ ಸಲ ಎರಡು ಗಂಟೆ ಮಾತನಾಡುವ ಮನೆಯವರಿಗೆ 50 ಸೆಂಟ್ ಎಲ್ಲಿಯೋ ಮುಳುಗಿಹೋಗುತ್ತದೆ. ದಿನಾ ಐದು ನಿಮಿಷ ಮಾತನಾಡುವವರಿಗೆ ಅದು ಕುತ್ತಿಗೆ ಹಿಚುಕುತ್ತದೆ. ಬೆಲೆಗಿಂತ ಮೊದಲು ನಿಮ್ಮ ಮಾತಿನ ಅಭ್ಯಾಸ ನೋಡಿಕೊಳ್ಳಿ.

ಇದು ನಮ್ಮ ಅನುಮಾನವಷ್ಟೇ ಅಲ್ಲ. ಹೇಳಿದಷ್ಟು ನಿಮಿಷ ಕೊಡದ ಪ್ರಿಪೇಯ್ಡ್ ಕಾರ್ಡ್ ಕಂಪನಿಗಳ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2008ರಲ್ಲಿ ನ್ಯಾಯಾಲಯಕ್ಕೆ ಹೋಯಿತು. 2015ರಲ್ಲಿ ಅಲ್ಲಿಯ ಸಂಪರ್ಕ ಆಯೋಗ ಎಫ್‌ಸಿಸಿ ಆರು ಕಂಪನಿಗಳಿಗೆ ತಲಾ 50 ಲಕ್ಷ ಡಾಲರ್ ದಂಡ ಹಾಕಿತು. ಕಾರಣ ಇದೇ: ಜಾಹೀರಾತಿನ ನೂರಾರು ನಿಮಿಷ ಸಿಗಬೇಕಾದರೆ ಒಂದೇ ಕರೆಯಲ್ಲಿ ಎಲ್ಲವನ್ನೂ ಮಾತನಾಡಿ ಮುಗಿಸಬೇಕಿತ್ತು.

ನಿಮಿಷಕ್ಕೆ ಅರ್ಧ ಸೆಂಟ್, ಕಾಲು ಸೆಂಟ್ ಎಂದು ಕೂಗುವ ಕಾರ್ಡ್ ಕಂಡರೆ ಇನ್ನೊಂದು ಲೆಕ್ಕ ಹಾಕಿ. ಹೊರದೇಶದ ಕರೆಯನ್ನು ಭಾರತದ ಫೋನಿಗೆ ಮುಟ್ಟಿಸಲು ಇಲ್ಲಿಯ ಕಂಪನಿ ಒಂದು ಶುಲ್ಕ ಪಡೆಯುತ್ತದೆ. ಟ್ರಾಯ್ ನಿಯಮದಂತೆ 2020ರ ಮೇ 1ರಿಂದ ಅದು ನಿಮಿಷಕ್ಕೆ 35ರಿಂದ 65 ಪೈಸೆ. ಡಾಲರ್ ಬೆಲೆ 85–90 ರೂಪಾಯಿ ಎಂದುಕೊಂಡರೆ ಒಂದು ಸೆಂಟ್ ಎಂದರೆ 85–90 ಪೈಸೆ. ಇಲ್ಲಿಗೆ ಮುಟ್ಟಿಸಲೇ ಅರ್ಧ ಸೆಂಟಿನ ಆಸುಪಾಸಿನಿಂದ ಮುಕ್ಕಾಲು ಸೆಂಟಿನವರೆಗೆ ಬೇಕಾದಾಗ, ಕಾಲು ಸೆಂಟಿಗೆ ಮಾರುವವನು ಉಳಿದದ್ದನ್ನು ಎಲ್ಲಿಂದ ತರುತ್ತಾನೆ? ಒಂದೋ ಹಿಂಬದಿಯ ಶುಲ್ಕದಿಂದ, ಇಲ್ಲವೇ ಕಳ್ಳದಾರಿಯಿಂದ.

ಆ ಕಳ್ಳದಾರಿಯ ಹೆಸರು ಸಿಮ್ ಬಾಕ್ಸ್. ಹೊರಗಿನಿಂದ ಇಂಟರ್‌ನೆಟ್‌ನಲ್ಲಿ ಬಂದ ಕರೆಯನ್ನು ಬಾಡಿಗೆ ಕೋಣೆಯಲ್ಲಿಟ್ಟ ಪೆಟ್ಟಿಗೆಯೊಂದು ಹತ್ತಾರು ಇಲ್ಲಿಯ ಸಿಮ್‌ಗಳ ಮೂಲಕ ಲೋಕಲ್ ಕರೆಯಾಗಿ ಬದಲಿಸುತ್ತದೆ. ದೇಶದೊಳಗಿನ ಕರೆಗೆ ಕಂಪನಿಗಳು ಪರಸ್ಪರ ಕೊಡಬೇಕಿದ್ದ ಶುಲ್ಕ 2021ರ ಜನವರಿ 1ರಿಂದ ಸೊನ್ನೆ. ಆ ಸೊನ್ನೆಗೂ 65 ಪೈಸೆಗೂ ನಡುವಿನ ಅಂತರವೇ ಈ ದಂಧೆಯ ಲಾಭ. ಅಮೆರಿಕದಲ್ಲಿರುವ ಮಗಳು ಮಾತನಾಡುತ್ತಿದ್ದಾಳೆ, ಫೋನಿನಲ್ಲಿ ಮಾತ್ರ ಯಾವುದೋ ಹತ್ತಂಕಿಯ ಭಾರತೀಯ ಮೊಬೈಲ್ ಸಂಖ್ಯೆ ಕಾಣುತ್ತಿದೆ ಎಂದರೆ ಆ ಕಾರ್ಡಿನ ಕರೆ ಈ ದಾರಿಯಲ್ಲಿ ಬಂದಿರುವ ಸಂಭವ ಹೆಚ್ಚು. ಧ್ವನಿ ಅರ್ಧಕ್ಕೆ ಕಡಿಯುವುದು, ತನ್ನ ಮಾತೇ ತಿರುಗಿ ಕೇಳುವುದು, ಆ ಸಂಖ್ಯೆಗೆ ವಾಪಸ್ ಮಾಡಿದರೆ ಸ್ವಿಚ್ ಆಫ್ ಎಂದು ಬರುವುದು ಇದರ ಗುರುತು. ಸರ್ಕಾರಕ್ಕೆ ನಷ್ಟ ಎಂಬುದು ಹಾಗಿರಲಿ, ಯಾರು ಎಲ್ಲಿಂದ ಕರೆ ಮಾಡಿದರು ಎಂಬ ದಾಖಲೆಯೇ ಅಳಿಸಿಹೋಗುವುದರಿಂದ ವಂಚಕರಿಗೂ ಇದೇ ಹೆದ್ದಾರಿ. ನಮ್ಮ ಕಡೆ ಯಾರಾದರೂ ‘ನಿಮ್ಮ ಕೋಣೆ ಕೊಡಿ, ಪೆಟ್ಟಿಗೆ ಇಡುತ್ತೇವೆ, ನೆಟ್ ಇದ್ದರೆ ಸಾಕು, ತಿಂಗಳಿಗೆ ಬಾಡಿಗೆ’ ಎಂದು ಬಂದರೆ, ನಿಮ್ಮ ಹೆಸರಿನಲ್ಲಿ ಸಿಮ್ ಕೇಳಿದರೆ ಒಪ್ಪಬೇಡಿ. ಕೇಸು ಬೀಳುವುದು ಕೋಣೆ ಕೊಟ್ಟವರ ಮೇಲೂ.

ಬೇರೊಂದು ಬದಲಾವಣೆಯೂ ಕಾರ್ಡುಗಳಿಗೆ ಪೆಟ್ಟು ಕೊಟ್ಟಿದೆ. ಹೊರಗಿನಿಂದ ಬರುತ್ತಿದ್ದರೂ ಭಾರತದ ಸಂಖ್ಯೆಯ ವೇಷ ಹಾಕಿದ ಕರೆಗಳನ್ನು ತಡೆಯುವ ವ್ಯವಸ್ಥೆಯನ್ನು ದೂರಸಂಪರ್ಕ ಇಲಾಖೆ 2024ರ ಅಕ್ಟೋಬರ್‌ನಲ್ಲಿ ಶುರು ಮಾಡಿತು. ಕಾರ್ಡ್ ಕಂಪನಿ ಹಾಗೆ ಸಂಖ್ಯೆ ಬದಲಿಸಿ ಕಳಿಸಿದರೆ ಕರೆ ದಾರಿಯಲ್ಲೇ ನಿಂತೀತು. ಮುಂಚೆ ಬರುತ್ತಿತ್ತು, ಈಗ ಬರುತ್ತಿಲ್ಲ ಎನ್ನುವವರು ಮೊದಲು ಇದನ್ನು ಸಂಶಯಿಸಬೇಕು. ಇನ್ನೊಂದು ಕಾರಣ ಬಹಳ ಸರಳ: ಊರಿನಲ್ಲಿರುವ ಅಮ್ಮನ ಸಿಮ್‌ನ ವ್ಯಾಲಿಡಿಟಿ ಮುಗಿದಿರುತ್ತದೆ. ಪ್ಲಾನ್ ಮುಗಿದ ಮೇಲೆ ಮೊದಲು ಹೊರಹೋಗುವ ಕರೆ ನಿಲ್ಲುತ್ತದೆ, ಆಮೇಲೆ ಒಳಬರುವುದೂ ನಿಲ್ಲುತ್ತದೆ. ಮಗ ಅಲ್ಲಿ ಕಾರ್ಡ್ ಮೇಲೆ ಕಾರ್ಡ್ ಬದಲಿಸುತ್ತಿರುತ್ತಾನೆ.

ಡಯಲ್ ಮಾಡುವ ಕ್ರಮದಲ್ಲೂ ಹಣ ಪೋಲಾಗುತ್ತದೆ. ದಾವಣಗೆರೆಯ ಲ್ಯಾಂಡ್‌ಲೈನಿಗೆ ನಾವು 08192 ಸೇರಿಸುತ್ತೇವೆ, ಚಿತ್ರದುರ್ಗಕ್ಕೆ 08194. ಹೊರದೇಶದಿಂದ ಮಾಡುವಾಗ ಆ ಮೊದಲ ಸೊನ್ನೆ ಬಿಡಬೇಕು. ಅಮೆರಿಕ, ಕೆನಡಾದಿಂದಾದರೆ 011, ಆಮೇಲೆ 91, ಆಮೇಲೆ 8192, ಆಮೇಲೆ ಆರಂಕಿಯ ಸಂಖ್ಯೆ. ಬ್ರಿಟನ್, ಗಲ್ಫ್‌ನಿಂದ 011ರ ಬದಲು 00, ಆಸ್ಟ್ರೇಲಿಯಾದಿಂದ 0011. ಕಾರ್ಡಿನ ಯಂತ್ರಗಳಲ್ಲಿ ಕೆಲವು 011 ಕೇಳುತ್ತವೆ, ಕೆಲವಕ್ಕೆ ನೇರ 91 ಸಾಕು. ಧ್ವನಿ ಹೇಳುವುದನ್ನು ಪೂರ್ತಿ ಕೇಳಿ. ಇಲ್ಲಿಂದ ಹೊರಗೆ ಮಾಡುವಾಗಲೂ ಸೊನ್ನೆಯದೇ ಕಾಟ. ದುಬೈಯವರು ತಮ್ಮ ಸಂಖ್ಯೆಯನ್ನು 05 ಎಂದು ಶುರು ಮಾಡಿ ಬರೆದುಕೊಡುತ್ತಾರೆ, ಬ್ರಿಟನ್‌ನವರು 07 ಎಂದು, ಆಸ್ಟ್ರೇಲಿಯಾದವರು 04 ಎಂದು. ಆ ಸೊನ್ನೆ ತೆಗೆದು ಮುಂದೆ 971, 44, 61 ಹಾಕಬೇಕು. ಇಟಲಿಯ ಲ್ಯಾಂಡ್‌ಲೈನ್ ಮಾತ್ರ ಅಪವಾದ, ಅಲ್ಲಿ ಸೊನ್ನೆ ಉಳಿಸಿಕೊಳ್ಳಬೇಕು.

ಪಿನ್ ಒತ್ತಿದರೂ ಯಂತ್ರಕ್ಕೆ ತಿಳಿಯುತ್ತಿಲ್ಲ ಎಂದರೆ ಟೋನ್ ತಲುಪುತ್ತಿಲ್ಲ ಎಂದರ್ಥ. ಹಳೆಯ ಲ್ಯಾಂಡ್‌ಲೈನ್ ಸೆಟ್‌ನ ಅಡಿಯಲ್ಲೋ ಪಕ್ಕದಲ್ಲೋ ಪಿ (ಪಲ್ಸ್) ಮತ್ತು ಟಿ (ಟೋನ್) ಎಂಬ ಸ್ವಿಚ್ ಇರುತ್ತದೆ, ಅದು ಟಿ ಕಡೆ ಇರಬೇಕು. ಮೊಬೈಲಿನಲ್ಲಿ ಕರೆ ಕೂಡಿದ ಮೇಲೆ ಕೀಪ್ಯಾಡ್ ತೆರೆದು ಒಂದೊಂದೇ ಅಂಕಿಯನ್ನು ಒತ್ತಿ; ಗಡಿಬಿಡಿಯಲ್ಲಿ ಒತ್ತಿದರೆ ಅಂಕಿ ತಪ್ಪುತ್ತದೆ, ಮೂರ್ನಾಲ್ಕು ಸಲ ತಪ್ಪಿದರೆ ಕೆಲವು ಕಂಪನಿಗಳು ಪಿನ್ ಅನ್ನೇ ತಡೆದುಬಿಡುತ್ತವೆ. ದಿನಾ ಒತ್ತುವ ಕಷ್ಟ ಬೇಡವೆಂದರೆ ಪ್ರವೇಶ ಸಂಖ್ಯೆ, ಎರಡು ಅಲ್ಪವಿರಾಮ, ಪಿನ್, ಎರಡು ಅಲ್ಪವಿರಾಮ, ಊರಿನ ಸಂಖ್ಯೆ ಎಲ್ಲವನ್ನೂ ಒಂದೇ ಹೆಸರಿನಲ್ಲಿ ಸೇವ್ ಮಾಡಿಡಬಹುದು. ಫೋನಿನಲ್ಲಿ ಒಂದು ಅಲ್ಪವಿರಾಮ ಎಂದರೆ ಸುಮಾರು ಎರಡು ಸೆಕೆಂಡ್ ಬಿಡುವು. ಯಂತ್ರ ಸ್ವಾಗತ ಹೇಳಿ ಮುಗಿಸುವಷ್ಟು ಬಿಡುವು ಬೇಕು; ಸಾಲದಿದ್ದರೆ ಇನ್ನೊಂದು ಸೇರಿಸಿ. ಪಿನ್ ಬೇಡದ ಸೇವೆಗಳೂ ಇವೆ, ಅವು ನಿಮ್ಮ ಫೋನ್ ಸಂಖ್ಯೆಯನ್ನೇ ಗುರುತು ಹಿಡಿಯುತ್ತವೆ. ಅಲ್ಲಿ ಸಿಮ್ ಬದಲಿಸಿದರೆ, ಸಂಖ್ಯೆ ಮರೆಮಾಡಿದರೆ ಕರೆ ಹೋಗದು. ರಟ್ಟಿನ ಕಾರ್ಡ್ ಸಿಕ್ಕಿದರೆ ನಾಣ್ಯದ ಅಂಚಿನಿಂದ ಹಗುರವಾಗಿ ಗೀರಿ. ಬ್ಲೇಡು, ಉಗುರು ಹಾಕಿ ಕೆರೆದರೆ ಬೆಳ್ಳಿ ಬಣ್ಣದ ಜೊತೆ ಅಂಕಿಯೂ ಕಿತ್ತುಬರುತ್ತದೆ. ಮೊದಲೇ ಗೀರಿದ ಕಾರ್ಡನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಆ ಕಡೆಯವರು ಫೋನ್ ಇಟ್ಟ ಮೇಲೆ ನೀವೂ ತಕ್ಷಣ ಇಡಿ. ಕೆಲವು ಯಂತ್ರಗಳು ನಿಮ್ಮ ಕಡೆಯ ಕರೆ ಕಡಿಯುವವರೆಗೂ ಎಣಿಸುತ್ತಲೇ ಇರುತ್ತವೆ. ವಾಯ್ಸ್‌ಮೇಲ್ ಎತ್ತಿದರೂ ಲೆಕ್ಕಕ್ಕೆ ಅದು ಎತ್ತಿದ ಕರೆಯೇ, ಪೂರ್ತಿ ಕನೆಕ್ಷನ್ ಶುಲ್ಕ ಬೀಳುತ್ತದೆ. ಅಮೆರಿಕದ ಮೊಬೈಲಿಗೆ ಮಾಡುವವರು ನಾಲ್ಕನೆಯ ರಿಂಗಿಗೆ ಇಟ್ಟುಬಿಡುವುದು ಒಳ್ಳೆಯದು. ನಮ್ಮ ಜನ ಹಾಕಿಸಿಕೊಳ್ಳುವ ಕಾಲರ್ ಟ್ಯೂನಿಗೆ ದುಡ್ಡು ಬೀಳಬಾರದು, ಯಾಕೆಂದರೆ ಹಾಡು ಕೇಳಿಸುವಾಗ ಫೋನ್ ಇನ್ನೂ ಎತ್ತಿರುವುದಿಲ್ಲ. ಅದಕ್ಕೂ ನಿಮಿಷ ಕಡಿಯುವ ಕಾರ್ಡ್ ಇದ್ದರೆ ಎರಡನೆಯ ಸಲ ಅದನ್ನು ಕೊಳ್ಳಬೇಡಿ. ಕಾರ್ಡ್ ಪ್ರಾಮಾಣಿಕವೋ ಅಲ್ಲವೋ ನೋಡಲು ಸುಲಭ ದಾರಿ: ಒಂದು ಕರೆ ಮುಗಿಸಿ, ತಕ್ಷಣ ಮತ್ತೆ ಪ್ರವೇಶ ಸಂಖ್ಯೆಗೆ ಮಾಡಿ, ಯಂತ್ರ ಹೇಳುವ ಬ್ಯಾಲೆನ್ಸ್ ಬರೆದುಕೊಳ್ಳಿ. ‘ಇಷ್ಟು ನಿಮಿಷ ಉಳಿದಿದೆ’ ಎಂಬ ಮಾತಿಗೆ ಬೆಲೆಯಿಲ್ಲ, ‘ಇಷ್ಟು ಹಣ ಉಳಿದಿದೆ’ ಎಂಬುದಕ್ಕೆ ಇದೆ.

ಆ್ಯಪ್‌ನ ಕ್ರೆಡಿಟ್ ಬಗ್ಗೆ ಎರಡು ಮಾತು. ನೆಟ್ ಬೇಕಾಗುವುದು ಕರೆ ಮಾಡುವವರ ಕಡೆ ಮಾತ್ರ. ಈಚೆ ಕೀಪ್ಯಾಡ್ ಸೆಟ್ ಆದರೂ, ಲ್ಯಾಂಡ್‌ಲೈನ್ ಆದರೂ ರಿಂಗಾಗುತ್ತದೆ. ಕನೆಕ್ಷನ್ ಶುಲ್ಕ ಹಾಕದ ಆ್ಯಪ್‌ಗಳು ಸಿಗುತ್ತವೆ, ಹಾಗಾಗಿ ಇಂದು ಹೊಸದಾಗಿ ಕೊಳ್ಳುವವರಿಗೆ ರಟ್ಟಿನ ಕಾರ್ಡಿಗಿಂತ ಇದೇ ಮೇಲು ಎಂದು ನಮ್ಮ ಅಭಿಪ್ರಾಯ. ಆದರೆ ಒಮ್ಮೆಗೆ ದೊಡ್ಡ ಮೊತ್ತ ತುಂಬಿಸಬೇಡಿ. ಈ ಕೆಲಸಕ್ಕೆ ಹೆಸರಾಗಿದ್ದ ಸ್ಕೈಪ್ 2025ರ ಮೇ 5ರಂದು ಬಾಗಿಲು ಹಾಕಿತು. ಅದು ನಡೆಯುತ್ತಿದ್ದ ಕಾಲದಲ್ಲೂ 180 ದಿನ ಬಳಸದಿದ್ದರೆ ಕ್ರೆಡಿಟ್ ನಿದ್ದೆಗೆ ಜಾರುತ್ತಿತ್ತು, ಮತ್ತೆ ಎಬ್ಬಿಸಿಕೊಳ್ಳಬೇಕಿತ್ತು.

ಗೊತ್ತಿಲ್ಲದ ವಿದೇಶಿ ಸಂಖ್ಯೆಯಿಂದ ಒಂದು ರಿಂಗ್ ಬಂದು ನಿಂತರೆ ವಾಪಸ್ ಮಾಡಬೇಡಿ. ಪ್ಲಸ್ 1 ಎಂದು ಶುರುವಾದರೆ ಅಮೆರಿಕ ಎಂದುಕೊಳ್ಳುತ್ತಾರೆ. ಆ ಕೋಡ್ ಕೆನಡಾಕ್ಕೂ ಕೆರಿಬಿಯನ್ ದ್ವೀಪಗಳಿಗೂ ಇದೆ. 1ರ ಮುಂದೆ 876 ಇದ್ದರೆ ಜಮೈಕಾ, 809 ಇದ್ದರೆ ಡೊಮಿನಿಕನ್ ಗಣರಾಜ್ಯ. ಅಮೆರಿಕದ ಐಎಸ್‌ಡಿ ಪ್ಯಾಕ್ ಇದೆ ಎಂಬ ಧೈರ್ಯದಲ್ಲಿ ಅಲ್ಲಿಗೆ ಮಾಡಿದರೆ ದರವೇ ಬೇರೆ. ಅಮೆರಿಕದ ಬ್ಯಾಂಕುಗಳ 800 ಸಂಖ್ಯೆ ಟೋಲ್‌ಫ್ರೀ ಆಗಿರುವುದು ಅಲ್ಲಿಯವರಿಗೆ. ಇಲ್ಲಿಂದ ಎಷ್ಟೋ ಸಲ ಕೂಡುವುದೇ ಇಲ್ಲ, ಕೂಡಿದರೆ ಪುಕ್ಕಟೆಯಲ್ಲ. ಬ್ಯಾಂಕ್ ಕಾರ್ಡಿನ ಹಿಂದೆ ಹೊರದೇಶದಿಂದ ಮಾಡಲು ಬೇರೆ ಸಂಖ್ಯೆ ಕೊಟ್ಟಿರುತ್ತಾರೆ, ಅದನ್ನು ಬಳಸಿ.

ಇಲ್ಲಿಯ ಪ್ರಿಪೇಯ್ಡ್ ಸಿಮ್‌ನಲ್ಲಿ ಐಎಸ್‌ಡಿ ಹಣ ತಪ್ಪಾಗಿ ಕಡಿದಿದೆ ಎನಿಸಿದರೆ ಕರೆಯ ನಂತರ ಪರದೆ ಮೇಲೆ ಬರುವ ಅವಧಿ, ಮೊತ್ತದ ಸಂದೇಶವನ್ನು ಅಳಿಸುವ ಮೊದಲು ಫೋಟೊ ತೆಗೆದಿಡಿ. ಕಂಪನಿಯ ದೂರು ಸಂಖ್ಯೆ 198ಕ್ಕೆ ದೂರು ಕೊಟ್ಟು ಡಾಕೆಟ್ ಸಂಖ್ಯೆ, ಅಂದರೆ ದೂರಿನ ಗುರುತಿನ ಸಂಖ್ಯೆ, ಬರೆದುಕೊಳ್ಳಿ. ಪ್ರಿಪೇಯ್ಡ್ ಗ್ರಾಹಕರೂ ಕರೆಗಳ ವಿವರವಾದ ಪಟ್ಟಿ ಕೇಳಬಹುದು. ಟ್ರಾಯ್ ನಿಯಮದಂತೆ ಅದಕ್ಕೆ 50 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲ. ಈ ಹಕ್ಕು ಗೊತ್ತಿಲ್ಲದೆ ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲುವವರೇ ಹೆಚ್ಚು. ವಿದೇಶದ ಕರೆ ಭಾರತದ ಸಂಖ್ಯೆಯಾಗಿ ಕಂಡರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ವರದಿ ಮಾಡಬಹುದು, ವಂಚನೆಯಲ್ಲಿ ಹಣ ಹೋಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ಕೂಡಲೇ ತಿಳಿಸಬೇಕು. ಹೊರದೇಶದಲ್ಲಿ ಕೊಂಡ ಕಾರ್ಡಿನ ದೂರನ್ನು ಮಾತ್ರ ಇಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ, ಅದನ್ನು ಆ ದೇಶದಲ್ಲೇ ಕೊಡಬೇಕು.

ನಿಮ್ಮ ಪತ್ರಿಕೆಯ ಮೂಲಕ ನಮ್ಮ ಕೋರಿಕೆ ದೂರಸಂಪರ್ಕ ಕಂಪನಿಗಳ ಸ್ಥಳೀಯ ಸೇವಾ ಕೇಂದ್ರಗಳಿಗೆ. ದೇಶದೊಳಗಿನ ಪ್ಲಾನ್‌ಗಳ ಬಣ್ಣದ ಪೋಸ್ಟರ್ ಎಲ್ಲ ಅಂಗಡಿಗೂ ಬರುತ್ತದೆ, ಐಎಸ್‌ಡಿ ದರದ ಪಟ್ಟಿ ಮಾತ್ರ ಎಲ್ಲೂ ಇಲ್ಲ. ಆ್ಯಪ್‌ನ ಏಳನೆಯ ಪುಟದಲ್ಲಿ ಇಂಗ್ಲಿಷ್‌ನಲ್ಲಿ ಇದೆ ಎಂದರೆ ಚನ್ನಗಿರಿಯ, ಚಳ್ಳಕೆರೆಯ ತಂದೆ ತಾಯಿಗೆ ಅದು ಇಲ್ಲದ ಹಾಗೆಯೇ. ನಮ್ಮವರು ಹೆಚ್ಚಾಗಿ ಹೋಗುವ ಹತ್ತು ಹನ್ನೆರಡು ದೇಶಗಳ ದರ, ಪ್ಯಾಕ್ ಇದ್ದರೆ ಎಷ್ಟು, ಇಲ್ಲದಿದ್ದರೆ ಎಷ್ಟು, ಮೊಬೈಲಿಗೆ ಎಷ್ಟು, ಲ್ಯಾಂಡ್‌ಲೈನಿಗೆ ಎಷ್ಟು ಎಂದು ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ ಪ್ರತಿ ರೀಚಾರ್ಜ್ ಅಂಗಡಿಗೂ ಕೊಡಲಿ. ದರ ಬದಲಾದಾಗ ಹಾಳೆಯೂ ಬದಲಾಗಲಿ. ಅಂಟಿಸುವ ಜಾಗ ನಾವು ಕೊಡುತ್ತೇವೆ.

ಇಂತಿ,
ಹಿಂದೆ ಎಸ್‌ಟಿಡಿ ಬೂತ್, ಈಗ ರೀಚಾರ್ಜ್ ಅಂಗಡಿ ನಡೆಸುವ ಕೆಲವರು,
ಮಂಡಿಪೇಟೆ, ದಾವಣಗೆರೆ